ಚಾಳೀಸಿಗೆ ಶಸ್ತ್ರಚಿಕಿತ್ಸೆ: ಹತ್ತಿರದ ನೋಟಕ್ಕೆ ತೆರಬೇಕಾದ ಬೆಲೆ

ನಲವತ್ತರ ಹೊಸ್ತಿಲು ದಾಟಿದವರನ್ನು ಕಾಡುವ ಹತ್ತಿರದ ದೃಷ್ಟಿಯ ತೊಂದರೆಗೆ ಕನ್ನಡದಲ್ಲಿ ‘ಚಾಳೀಸು’ ಎಂಬ ಹೆಸರಿದೆ. ನಲವತ್ತು ಎಂಬ ಅರ್ಥದ ಮರಾಠಿ ಮಾತು ನಮ್ಮಲ್ಲಿ ಕಣ್ಣಿನ ಈ ದೋಷಕ್ಕೂ ಅದಕ್ಕಾಗಿ ಧರಿಸುವ ಕನ್ನಡಕಕ್ಕೂ ಹೆಸರಾಗಿ ನಿಂತಿತು. ದಿನಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿಯುವುದು, ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯುವುದು, ಔಷಧದ ಚೀಟಿಯನ್ನು ಕಿಟಕಿಯ ಬೆಳಕಿಗೆ ಒಯ್ಯುವುದು ಇದರ ಮೊದಲ ಲಕ್ಷಣಗಳು. ಕನ್ನಡ ಓದುವವರಿಗೆ ಇನ್ನೊಂದು ಸೂಚನೆಯೂ ಉಂಟು. ಸಾಲಿನ ಕೆಳಗೆ ಸಣ್ಣದಾಗಿ ಮೂಡುವ ಒತ್ತಕ್ಷರಗಳು ಮೂಲಾಕ್ಷರಗಳಿಗಿಂತ ಮೊದಲೇ ಮಸುಕಾಗತೊಡಗುತ್ತವೆ.

ಚಾಳೀಸು ರೋಗವಲ್ಲ, ತಲೆಗೂದಲು ನರೆಯುವಂತೆ ಎಲ್ಲರಿಗೂ ಬರುವ ವಯೋಸಹಜ ಬದಲಾವಣೆ. 2015ರ ಅಂದಾಜಿನಂತೆ ಜಗತ್ತಿನಲ್ಲಿ 180 ಕೋಟಿ ಜನರಿಗೆ ಇದು ಇತ್ತು. ಅವರಲ್ಲಿ 82 ಕೋಟಿಗೂ ಹೆಚ್ಚು ಮಂದಿಗೆ ಸರಿಯಾದ ಕನ್ನಡಕವೇ ಇರಲಿಲ್ಲ. ಇನ್ನೊಂದು ತುದಿಯಲ್ಲಿ, ಕನ್ನಡಕ ಕೊಳ್ಳಬಲ್ಲವರು ಅದನ್ನು ಶಾಶ್ವತವಾಗಿ ತೊಡೆದುಹಾಕುವ ದಾರಿ ಹುಡುಕುತ್ತಿದ್ದಾರೆ. ‘ಕನ್ನಡಕಕ್ಕೆ ವಿದಾಯ’ ಎಂಬ ಜಾಹೀರಾತುಗಳು ಬೆಂಗಳೂರಿನ ಬೀದಿಗಳಲ್ಲಿ ಅಪರೂಪವೇನಲ್ಲ. ಆದರೆ ಇಂದು ಲಭ್ಯವಿರುವ ಯಾವ ಶಸ್ತ್ರಚಿಕಿತ್ಸೆಯೂ ಯೌವನದ ಕಣ್ಣನ್ನು ಮರಳಿ ಕೊಡುವುದಿಲ್ಲ. ಒಂದು ಬಗೆಯ ನೋಟವನ್ನು ಸ್ವಲ್ಪ ಬಿಟ್ಟುಕೊಟ್ಟು ಮತ್ತೊಂದನ್ನು ಪಡೆಯುವ ವಿನಿಮಯವಷ್ಟೇ ಅಲ್ಲಿ ನಡೆಯುತ್ತದೆ. ಬಿಟ್ಟುಕೊಡುವುದು ಯಾವುದನ್ನು ಎಂಬ ಪ್ರಶ್ನೆಗೆ ಆಯಾ ವ್ಯಕ್ತಿಯ ಕಸುಬೇ ಉತ್ತರ ಹೇಳಬೇಕಾಗುತ್ತದೆ.

ಉತ್ತರ ಬೆಂಗಳೂರಿನ ಯಲಹಂಕ ಇದಕ್ಕೆ ಒಳ್ಳೆಯ ನಿದರ್ಶನ. ಇಲ್ಲಿ ರೇಷ್ಮೆ ಸೀರೆಯ ವಿದ್ಯುತ್ ಮಗ್ಗಗಳಿವೆ. ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುವ ನೇಕಾರನಿಗೆ ಒಂದೂವರೆ ಅಡಿ ದೂರದ ನೋಟ ನಿಖರವಾಗಿರಬೇಕು. ಹೆಬ್ಬಾಳದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇರುಳೆಲ್ಲ ಟ್ಯಾಕ್ಸಿ ಓಡಿಸುವ ಚಾಲಕ ಹಾದುಹೋಗುವುದೂ ಯಲಹಂಕದ ಮೇಲೆಯೇ. ಅವನಿಗೆ ಬೇಕಾದದ್ದು ಕತ್ತಲಲ್ಲಿ ದೂರದ ಸ್ಪಷ್ಟತೆ. ರೈಲು ಗಾಲಿ ಕಾರ್ಖಾನೆಯ ತಂತ್ರಜ್ಞನಿಗೆ ಅಳತೆಯ ಉಪಕರಣದ ಗೆರೆಗಳು ಕಾಣಬೇಕು, ವಾಯುನೆಲೆಯ ಪೈಲಟ್‌ಗೆ ದಿಗಂತವೂ ಕಾಣಬೇಕು, ಮುಂದಿರುವ ಮಾಪಕಗಳೂ ಕಾಣಬೇಕು. ವಯಸ್ಸು ಒಂದೇ ಆದರೂ ಈ ನಾಲ್ವರಿಗೆ ಒಂದೇ ಶಸ್ತ್ರಚಿಕಿತ್ಸೆ ಒಪ್ಪುವುದಿಲ್ಲ.

ಕಣ್ಣಿನೊಳಗೆ ಆಗುವುದೇನು?

ಕಣ್ಣಿನ ಪಾಪೆಯ ಹಿಂದೆ ಪಾರದರ್ಶಕವಾದ ಮಸೂರವಿದೆ. ಅದರ ಸುತ್ತ ಉಂಗುರದಂತೆ ಒಂದು ಸ್ನಾಯು. ಸ್ನಾಯುವಿಗೂ ಮಸೂರಕ್ಕೂ ನಡುವೆ ನವಿರಾದ ತಂತುಗಳು. ದೂರ ನೋಡುವಾಗ ಸ್ನಾಯು ಸಡಿಲವಾಗಿದ್ದು ತಂತುಗಳು ಬಿಗಿಯಾಗಿರುತ್ತವೆ, ಮಸೂರ ಚಪ್ಪಟೆಯಾಗಿರುತ್ತದೆ. ಹತ್ತಿರ ನೋಡುವಾಗ ಸ್ನಾಯು ಸಂಕುಚಿಸುತ್ತದೆ, ತಂತುಗಳು ಸಡಿಲಗೊಳ್ಳುತ್ತವೆ, ಮಸೂರ ತನ್ನ ಸ್ಥಿತಿಸ್ಥಾಪಕ ಗುಣದಿಂದ ಉಬ್ಬಿ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ನೀಡಿದ ಈ ವಿವರಣೆಯೇ ಇಂದಿಗೂ ಹೆಚ್ಚು ಮಾನ್ಯವಾದುದು.

ವಯಸ್ಸಾದಂತೆ ಮಸೂರ ಗಟ್ಟಿಯಾಗುತ್ತದೆ. ಹತ್ತು ವರ್ಷದ ಮಗು ಮೂಗಿನ ತುದಿಯಿಂದ ಎಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಓದಬಲ್ಲದು. ಅರವತ್ತರ ಹೊತ್ತಿಗೆ, ದೂರದೃಷ್ಟಿ ಸರಿಯಿದ್ದವರಿಗೂ, ಸ್ಪಷ್ಟ ನೋಟ ಸುಮಾರು ಒಂದು ಮೀಟರ್ ಆಚೆಗೆ ಸರಿದಿರುತ್ತದೆ. ಕೈಯ ಉದ್ದವಾದರೋ ಬೆಳೆಯುವುದಿಲ್ಲ. ಸ್ನಾಯು ಮಾತ್ರ ಆಗಲೂ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದು ಗಮನಾರ್ಹ. ಕಣ್ಣಿನ ವ್ಯಾಯಾಮದಿಂದ ಚಾಳೀಸು ಹೋಗುತ್ತದೆಂಬ ಪ್ರಚಾರ ನಿಲ್ಲದಿರುವುದು ಈ ಕಾರಣಕ್ಕೇ. ದೋಷವಿರುವುದು ಸ್ನಾಯುವಿನಲ್ಲಲ್ಲ, ಗಟ್ಟಿಯಾದ ಮಸೂರದಲ್ಲಿ. ಸ್ನಾಯುವನ್ನು ಎಷ್ಟು ಪಳಗಿಸಿದರೂ ಮಸೂರ ಮೆತ್ತಗಾಗುವುದಿಲ್ಲ.

ಸೋಡಾಬುಡ್ಡಿಯ ಕಾಲದಿಂದ

ಇಂದಿನ ಚಾಳೀಸು ಶಸ್ತ್ರಚಿಕಿತ್ಸೆಯ ಬೇರು ಕಣ್ಣಿನ ಪೊರೆ ಚಿಕಿತ್ಸೆಯಲ್ಲಿದೆ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಾಸ್ಪತ್ರೆಯಲ್ಲಾಗಲಿ, ಬೀಳಗಿಯಲ್ಲಿ ಜನಿಸಿ ಹಳ್ಳಿಹಳ್ಳಿಗೆ ನೇತ್ರ ಶಿಬಿರಗಳನ್ನು ಒಯ್ದ ಡಾ. ಎಂ.ಸಿ. ಮೋದಿ ಅವರ ಶಿಬಿರಗಳಲ್ಲಾಗಲಿ ಹಿಂದೆ ಆಗುತ್ತಿದ್ದುದು ಮಂಜಾದ ಮಸೂರವನ್ನು ತೆಗೆದುಹಾಕುವ ಕೆಲಸ. ಅದರ ಜಾಗ ಖಾಲಿಯೇ ಉಳಿಯುತ್ತಿತ್ತು. ಕುರುಡು ನೀಗುತ್ತಿತ್ತು, ಆದರೆ ಜೀವನಪರ್ಯಂತ ದಪ್ಪಗಾಜಿನ ‘ಸೋಡಾಬುಡ್ಡಿ’ ಕನ್ನಡಕ ಮೂಗಿನ ಮೇಲಿರಬೇಕಾಗಿತ್ತು.

ಖಾಲಿ ಜಾಗಕ್ಕೆ ಕೃತಕ ಮಸೂರವನ್ನು ಕೂರಿಸುವ ಯೋಚನೆ ಹೊಳೆದದ್ದು ಯುದ್ಧವಿಮಾನಗಳಿಂದ. ಎರಡನೇ ಮಹಾಯುದ್ಧದಲ್ಲಿ ಗುಂಡೇಟಿಗೆ ಸಿಡಿದ ವಿಮಾನದ ಪರ್ಸ್‌ಪೆಕ್ಸ್ ಚೂರುಗಳು ಪೈಲಟ್‌ಗಳ ಕಣ್ಣಲ್ಲಿ ಉಳಿದರೂ ಉರಿಯೂತ ಉಂಟುಮಾಡುತ್ತಿರಲಿಲ್ಲ ಎಂಬುದನ್ನು ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದ್ದರು. ಅದೇ ಬಗೆಯ ವಸ್ತುವಿನಿಂದ ಮಾಡಿದ ಮಸೂರವನ್ನು 1949ರ ನವೆಂಬರ್ 29ರಂದು ಅವರು ಮೊದಲ ಬಾರಿಗೆ ಮನುಷ್ಯನ ಕಣ್ಣಿಗೆ ಅಳವಡಿಸಿದರು. ಅದೇ ಯುದ್ಧದ ಕಾಲದಲ್ಲಿ, 1944ರಲ್ಲಿ, ಯಲಹಂಕದ ಓಡುಹಾದಿಯಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಪೈಲಟ್‌ಗಳಿಗೆ ಥಂಡರ್‌ಬೋಲ್ಟ್ ವಿಮಾನಗಳ ತರಬೇತಿ ನೀಡುತ್ತಿತ್ತು.

ಕೃತಕ ಮಸೂರ ಬಂದ ಮೇಲೂ ಚಾಳೀಸು ಹೋಗಲಿಲ್ಲ. ಒಂದೇ ದೂರಕ್ಕೆ ಹೊಂದಿಸಿದ ಮಸೂರ ಸಾಮಾನ್ಯವಾಗಿ ದೂರವನ್ನು ತೋರಿಸುತ್ತದೆ. ಓದಲು ಕನ್ನಡಕ ಬೇಕೇ ಬೇಕು. ಸರ್ಕಾರಿ ಅಂಧತ್ವ ನಿವಾರಣಾ ಕಾರ್ಯಕ್ರಮದಡಿ ಉಚಿತವಾಗಿ ದೊರೆಯುವುದು ಈ ಬಗೆಯ ಮಸೂರ. ಅದನ್ನು ಕೀಳೆಂದು ಭಾವಿಸಬೇಕಾಗಿಲ್ಲ. ದೂರದ ನೋಟದ ಸ್ಪಷ್ಟತೆಯಲ್ಲಿ, ಅದರಲ್ಲೂ ಮಂದ ಬೆಳಕಿನಲ್ಲಿ, ದುಬಾರಿ ಮಸೂರಗಳು ಇದನ್ನು ಮೀರಿಸಿಲ್ಲ.

ಕಾರ್ನಿಯಾದ ಮೇಲಿನ ಪ್ರಯೋಗಗಳು

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಆಕಾರ ಬದಲಿಸಿ ಹತ್ತಿರದ ನೋಟ ಪಡೆಯುವುದು ಒಂದು ದಾರಿ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಪ್ರಬಲವಾದ ಕಣ್ಣನ್ನು ದೂರಕ್ಕೂ ಇನ್ನೊಂದು ಕಣ್ಣನ್ನು ಸುಮಾರು ಒಂದೂವರೆ ಡಯಾಪ್ಟರ್‌ನಷ್ಟು ಮೈನಸ್ ಪವರ್ ಉಳಿಸಿ ಹತ್ತಿರಕ್ಕೂ ಲೇಸರ್‌ನಿಂದ ಹೊಂದಿಸುತ್ತಾರೆ. ಇದಕ್ಕೆ ಮಾನೋವಿಷನ್ ಎಂದು ಹೆಸರು. ಮಿದುಳು ಕ್ರಮೇಣ ಬೇಕಾದ ಕಣ್ಣಿನ ಚಿತ್ರವನ್ನು ಆರಿಸಿಕೊಳ್ಳಲು ಕಲಿಯುತ್ತದೆ. ಎಲ್ಲರ ಮಿದುಳೂ ಕಲಿಯುವುದಿಲ್ಲ ಎಂಬುದೇ ಇದರ ತೊಡಕು. ಎರಡು ಕಣ್ಣೂ ಸೇರಿ ಆಳವನ್ನು ಅಂದಾಜು ಮಾಡುವ ಶಕ್ತಿ ಕುಂದುತ್ತದೆ. ಮೆಟ್ಟಿಲು ಇಳಿಯುವಾಗ, ವಾಹನಗಳ ನಡುವಿನ ಅಂತರ ಅಳೆಯುವಾಗ ಇದು ಅನುಭವಕ್ಕೆ ಬರುತ್ತದೆ.

ಈ ಕೊರತೆ ತಗ್ಗಿಸಲು ಎರಡೂ ಕಣ್ಣುಗಳ ನೋಟದ ವ್ಯಾಪ್ತಿ ನಡುವೆ ಒಂದಿಷ್ಟು ಬೆಸೆಯುವಂತೆ ಲೇಸರ್ ಪ್ರಯೋಗಿಸುವ ಪ್ರೆಸ್ಬಿಯಾಂಡ್ ವಿಧಾನ ಬಂದಿತು. ಬೆಂಗಳೂರು ಜಯನಗರದ ನೇತ್ರಧಾಮ ಆಸ್ಪತ್ರೆಯ ಡಾ. ಶೀತಲ್ ಬ್ರಾರ್, ಡಾ. ಶ್ರೀಗಣೇಶ್ ಮತ್ತು ಸಂಗಡಿಗರು 2021ರಲ್ಲಿ ಇದರ ಫಲಿತಾಂಶಗಳನ್ನು ಪ್ರಕಟಿಸಿದರು. ಪರೀಕ್ಷಾ ಫಲಕದ ಅಕ್ಷರಗಳ ಜೊತೆಗೆ ಚಿಕಿತ್ಸೆ ಪಡೆದವರ ಓದಿನ ವೇಗವನ್ನೂ ಅವರು ಅಳೆದದ್ದು ಉಚಿತವಾಗಿದೆ. ಒಂದು ಸಾಲನ್ನು ತಡವರಿಸಿ ಓದುವುದು ಬೇರೆ, ಒಂದು ಪುಟವನ್ನು ಸರಾಗವಾಗಿ ಓದುವುದು ಬೇರೆ.

ಕಾರ್ನಿಯಾಕ್ಕೆ ಲೇಸರ್ ಮಾಡಿದರೂ ಒಳಗಿನ ಮಸೂರ ಗಟ್ಟಿಯಾಗುತ್ತಲೇ ಹೋಗುತ್ತದೆ. ಹೀಗಾಗಿ ಕೆಲವು ವರ್ಷಗಳ ನಂತರ ಓದುವ ಕನ್ನಡಕ ಮತ್ತೆ ಬರಬಹುದು. 2000ದ ದಶಕದಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ, ಮೈನಸ್ ಪವರ್‌ಗೆ ಲೇಸಿಕ್ ಮಾಡಿಸಿಕೊಂಡು ಕನ್ನಡಕ ಬಿಟ್ಟ ಸಾಫ್ಟ್‌ವೇರ್ ಪೀಳಿಗೆ ಈಗ ಚಾಳೀಸಿನ ವಯಸ್ಸಿಗೆ ಬಂದಿದೆ. ಲೇಸಿಕ್ ವಿಫಲವಾಯಿತೆಂದು ಕೆಲವರು ದೂರುವುದುಂಟು, ಅದು ಸರಿಯಲ್ಲ. ಮೈನಸ್ ಪವರ್ ಇರುವವರು ಕನ್ನಡಕ ತೆಗೆದು ಓದಬಲ್ಲರು. ಆ ಅನುಕೂಲ ಲೇಸಿಕ್‌ನೊಂದಿಗೇ ಹೋಗಿರುತ್ತದೆ.

ಕಾರ್ನಿಯಾದ ಒಳಗೆ ಪುಟ್ಟ ಬಿಲ್ಲೆ ಇರಿಸುವ ಪ್ರಯೋಗದ ಕಥೆ ಎಚ್ಚರಿಕೆಯ ಪಾಠದಂತಿದೆ. ನಡುವೆ 1.6 ಮಿ.ಮೀ. ರಂಧ್ರವಿರುವ ಕ್ಯಾಮ್ರಾ ಬಿಲ್ಲೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಒಪ್ಪಿಗೆ ನೀಡಿತು. ಮರುವರ್ಷ ರೇನ್‌ಡ್ರಾಪ್ ಎಂಬ ಇನ್ನೊಂದು ಬಿಲ್ಲೆಗೂ ಒಪ್ಪಿಗೆ ಸಿಕ್ಕಿತು. ಅನುಮೋದನೆಯ ನಂತರ 150 ಮಂದಿಯನ್ನು ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ ಶೇ. 75ರಷ್ಟು ಮಂದಿಯ ಕಾರ್ನಿಯಾದಲ್ಲಿ ಮಂಜು ಕವಿದದ್ದು, ಶೇ. 42ರಷ್ಟು ಮಂದಿಗೆ ಅದು ನೋಟದ ನಡುಭಾಗದಲ್ಲೇ ಇದ್ದದ್ದು ಕಂಡುಬಂತು. 2018ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆ ರೇನ್‌ಡ್ರಾಪ್ ಬಳಸಬಾರದೆಂದು ವೈದ್ಯರಿಗೆ ತಿಳಿಸಿತು. ಅಷ್ಟರಲ್ಲಿ ಅದನ್ನು ತಯಾರಿಸುತ್ತಿದ್ದ ಕಂಪನಿಯೇ ಬಾಗಿಲು ಹಾಕಿತ್ತು. ಅನುಮೋದನೆ ಎಂಬುದು ದೀರ್ಘಕಾಲದ ಸುರಕ್ಷತೆಯ ಖಾತರಿಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ರೇಡಿಯೋ ತರಂಗಗಳ ಶಾಖದಿಂದ ಕಾರ್ನಿಯಾದ ಅಂಚನ್ನು ಬಿಗಿಗೊಳಿಸುವ ವಿಧಾನವೂ 2004ರಲ್ಲಿ ಸದ್ದು ಮಾಡಿ, ಪರಿಣಾಮ ಕರಗಿಹೋಗುವುದರಿಂದ ಮರೆಯಾಯಿತು. ಕಣ್ಣಿನ ಬಿಳಿಭಾಗವನ್ನು ಹಿಗ್ಗಿಸುವ ಪಟ್ಟಿಗಳದೂ ಹೆಚ್ಚುಕಡಿಮೆ ಇದೇ ಗತಿ.

ಕೃತಕ ಬಿಲ್ಲೆಯ ಬದಲು ಮನುಷ್ಯರ ಕಾರ್ನಿಯಾದ ಅಂಗಾಂಶವನ್ನೇ ಬಳಸುವ ಯೋಚನೆ ದಕ್ಷಿಣ ಭಾರತದಲ್ಲಿ ಮುಂದುವರಿಯಿತು. ಸ್ಮೈಲ್ ಎಂಬ ಲೇಸರ್ ಚಿಕಿತ್ಸೆಯಲ್ಲಿ ಮೈನಸ್ ಪವರ್ ಇರುವವರ ಕಾರ್ನಿಯಾದಿಂದ ತೆಳುವಾದ ಬಿಲ್ಲೆಯೊಂದನ್ನು ಹೊರತೆಗೆಯಲಾಗುತ್ತದೆ. ಸಾಮಾನ್ಯವಾಗಿ ಕಸಕ್ಕೆ ಹೋಗುವ ಈ ಅಂಗಾಂಶವನ್ನು ಅತಿಶೀತಲದಲ್ಲಿ ಕಾಪಿಟ್ಟು ಇನ್ನೊಬ್ಬರಿಗೆ ಬಳಸುವ ಬಗ್ಗೆ ನೇತ್ರಧಾಮದ ವೈದ್ಯರು 2014ರಲ್ಲೇ ಬರೆದಿದ್ದರು. ಅಂಥ ಅಂಗಾಂಶದಿಂದ ಒಂದು ಮಿಲಿಮೀಟರ್ ಅಗಲದ ತುಣುಕನ್ನು ಕತ್ತರಿಸಿ ಚಾಳೀಸಿಗಾಗಿ ಕಾರ್ನಿಯಾದೊಳಗೆ ಇಡುವ ವಿಧಾನವನ್ನು ಚೆನ್ನೈನ ಡಾ. ಸೂಸನ್ ಜೇಕಬ್ 2017ರಲ್ಲಿ ವರದಿ ಮಾಡಿದರು. ಬೇಡವೆನಿಸಿದರೆ ತೆಗೆಯಬಹುದಾದದ್ದು ಇದರ ಗುಣ. ವ್ಯಾಪಕ ಬಳಕೆಗೆ ಇದು ಇನ್ನೂ ಬಂದಿಲ್ಲ.

ಮಸೂರವನ್ನೇ ಬದಲಿಸುವುದು

ಇಂದು ಚಾಳೀಸಿಗೆಂದು ಹೆಚ್ಚು ಸೂಚಿಸಲಾಗುತ್ತಿರುವುದು ಮಸೂರ ಬದಲಾವಣೆ. ವಿಧಾನ ಪೊರೆ ಶಸ್ತ್ರಚಿಕಿತ್ಸೆಯದೇ. ಕಣ್ಣಿಗೆ ಹನಿ ಹಾಕಿ ಮರಗಟ್ಟಿಸಿ, ಮೂರು ಮಿಲಿಮೀಟರಿಗೂ ಕಡಿಮೆ ಗಾಯದ ಮೂಲಕ ಶ್ರವಣಾತೀತ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಬಳಿಕ ಅದರ ಚೀಲದೊಳಗೆ ಮಡಿಸಿದ ಕೃತಕ ಮಸೂರವನ್ನು ತೂರಿಸಿ ಬಿಚ್ಚಿಕೊಳ್ಳಲು ಬಿಡುತ್ತಾರೆ. ಪೊರೆ ಇದ್ದವರಲ್ಲಿ ತೆಗೆಯುವುದು ಮಂಜಾದ ಮಸೂರವನ್ನು. ಕೇವಲ ಚಾಳೀಸಿಗಾಗಿ ಮಾಡುವಾಗ ತೆಗೆಯುವುದು ಪಾರದರ್ಶಕವಾದ, ದೂರವನ್ನು ಚೆನ್ನಾಗಿ ತೋರಿಸುತ್ತಿರುವ ಮಸೂರವನ್ನು. ಈ ವ್ಯತ್ಯಾಸವನ್ನು ಮನಗಾಣದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಾರದು.

ಬಹುಕೇಂದ್ರ ಮಸೂರಗಳ ಮೇಲ್ಮೈಯಲ್ಲಿ ಸೂಕ್ಷ್ಮವಾದ ವೃತ್ತಗಳಿರುತ್ತವೆ. ಒಳಬರುವ ಬೆಳಕನ್ನು ಅವು ದೂರಕ್ಕೆ, ಹತ್ತಿರಕ್ಕೆ, ತ್ರಿಕೇಂದ್ರ ಮಸೂರವಾದರೆ ಕಂಪ್ಯೂಟರಿನ ದೂರಕ್ಕೂ ಹಂಚುತ್ತವೆ. ಇಂಥ ಮಸೂರವೊಂದಕ್ಕೆ ಅಮೆರಿಕದಲ್ಲಿ ಮೊದಲ ಅನುಮೋದನೆ ದೊರೆತದ್ದು 1997ರಲ್ಲಿ. ತ್ರಿಕೇಂದ್ರ ಮಸೂರಗಳು ಯುರೋಪಿನಲ್ಲಿ ಬಳಕೆಗೆ ಬಂದದ್ದು 2010ರಲ್ಲಿ. ಇವನ್ನು ಅಳವಡಿಸಿಕೊಂಡವರಲ್ಲಿ ಹೆಚ್ಚಿನವರು ದಿನಬಳಕೆಗೆ ಕನ್ನಡಕವಿಲ್ಲದೆ ನಡೆಸಬಲ್ಲರು. ಇದು ಸಣ್ಣ ಲಾಭವಲ್ಲ. ಆದರೆ ಬೆಳಕನ್ನು ಹಂಚಿದಾಗ ಪ್ರತಿ ದೂರಕ್ಕೂ ಸಿಗುವುದು ಅದರ ಒಂದು ಪಾಲು ಮಾತ್ರ. ಒಂದಂಶ ಚದುರಿ ಯಾವುದಕ್ಕೂ ಉಪಯೋಗವಾಗದೆ ಹೋಗುತ್ತದೆ. ಪರಿಣಾಮವಾಗಿ ಬೂದುಬಣ್ಣದ ಗೋಡೆಯೆದುರು ಬೂದುಬಣ್ಣದ ಕಂಬ ಬೇರ್ಪಡಿಸಿ ಕಾಣುವ ಶಕ್ತಿ ತಗ್ಗುತ್ತದೆ. ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಮೂಡುತ್ತದೆ.

ಇಲ್ಲಿಯೇ ಯಲಹಂಕದ ಟ್ಯಾಕ್ಸಿ ಚಾಲಕನ ಪ್ರಶ್ನೆ ಎದ್ದು ನಿಲ್ಲುತ್ತದೆ. ಮಳೆ ಹನಿಯುವ ರಾತ್ರಿ ಬಳ್ಳಾರಿ ರಸ್ತೆಯಲ್ಲಿ ಎದುರು ಬರುವ ಒಂದೊಂದು ಹೆಡ್‌ಲೈಟಿನ ಸುತ್ತಲೂ ಬಳೆಯಂಥ ವೃತ್ತಗಳು ಕಂಡರೆ ಅವನ ದುಡಿಮೆಗೇ ಕುತ್ತು. ಬಹುತೇಕರಲ್ಲಿ ಕೆಲವು ತಿಂಗಳುಗಳಲ್ಲಿ ಮಿದುಳು ಇವನ್ನು ಕಡೆಗಣಿಸಲು ಕಲಿಯುತ್ತದೆ, ನಿಜ. ಆದರೆ ಹೊಂದಿಕೊಳ್ಳಲಾಗದವರು ಮಸೂರವನ್ನು ಮತ್ತೆ ತೆಗೆಸಬೇಕಾಗುತ್ತದೆ. ಆ ಎರಡನೇ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. ಇರುಳು ವಾಹನ ಚಲಾಯಿಸುವವರಿಗೆ ದೂರದ ಮಸೂರ, ಓದಲೊಂದು ಕನ್ನಡಕ ಎಂಬ ಹಳೆಯ ಜೋಡಿಯೇ ಮೇಲು ಎನ್ನಬೇಕಾಗುತ್ತದೆ.

ನೋಟದ ವ್ಯಾಪ್ತಿಯನ್ನು ವಿಸ್ತರಿಸುವ ಇನ್ನೊಂದು ಬಗೆಯ ಮಸೂರಗಳಲ್ಲಿ ಪ್ರಭಾವಳಿ ಸಾಮಾನ್ಯವಾಗಿ ಕಡಿಮೆ. ದೂರ ಮತ್ತು ಕಂಪ್ಯೂಟರಿನ ದೂರ ಚೆನ್ನಾಗಿ ಕಾಣುತ್ತವೆ. ಸಣ್ಣಕ್ಷರಕ್ಕೆ ಮಾತ್ರ ಕನ್ನಡಕ ಬೇಕಾಗಬಹುದು. ಮಗ್ಗದ ಮುಂದೆ ತೋಳಿನಳತೆಯಲ್ಲಿ ಕೆಲಸ ಮಾಡುವವರಿಗೆ ಇದು ಪರಿಶೀಲನಾರ್ಹ. ಇನ್ನು ಕಣ್ಣಿನ ಸ್ನಾಯುವಿನೊಂದಿಗೆ ತಾನೂ ಚಲಿಸುವುದೆಂದು ಹೇಳಲಾದ ಮಸೂರಕ್ಕೆ 2003ರಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿದ್ದರೂ ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ.

ವಯಸ್ಸಿನ ಲೆಕ್ಕಾಚಾರವೂ ಮುಖ್ಯ. ನಲವತ್ತೆರಡರ ವ್ಯಕ್ತಿಯ ಮಸೂರಕ್ಕೆ ಹೊಂದಿಕೊಳ್ಳುವ ಶಕ್ತಿ ಇನ್ನೂ ಒಂದಿಷ್ಟು ಉಳಿದಿರುತ್ತದೆ. ಅದನ್ನು ತೆಗೆದರೆ ಉಳಿದದ್ದೂ ಹೋಯಿತು. ಐವತ್ತೈದು ಅರವತ್ತರಲ್ಲಿ ಪೊರೆ ಮೂಡುವ ಸೂಚನೆ ಕಂಡಿದ್ದರೆ ಆಗ ಒಂದೇ ಶಸ್ತ್ರಚಿಕಿತ್ಸೆ ಎರಡನ್ನೂ ಪರಿಹರಿಸುತ್ತದೆ. ಹೆಚ್ಚಿನ ಮೈನಸ್ ಪವರ್ ಇರುವ ನಡುವಯಸ್ಸಿನವರಲ್ಲಿ ಮಸೂರ ತೆಗೆದ ನಂತರ ಅಕ್ಷಿಪಟಲ ಕಳಚುವ ಅಪಾಯ ಇತರರಿಗಿಂತ ಹೆಚ್ಚು. ಸೋಂಕು ವಿರಳವಾದರೂ ತಗುಲಿದರೆ ಕಣ್ಣೇ ಹೋದೀತು. 2019ರ ಜುಲೈನಲ್ಲಿ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಪೊರೆ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರು ದೃಷ್ಟಿ ಕಳೆದುಕೊಂಡಾಗ ಕಣ್ಣಿಗೆ ಬಳಸಿದ ಜೆಲ್ಲಿನ ಗುಣಮಟ್ಟ ತನಿಖೆಗೆ ಒಳಗಾಯಿತು. ಎರಡೂ ಕಣ್ಣುಗಳನ್ನು ಒಂದೇ ದಿನ ಮಾಡಿಸದೆ ನಡುವೆ ದಿನಗಳ ಅಂತರ ಬಿಡುವ ರೂಢಿಗೆ ಇಂಥ ಭಯವೇ ಕಾರಣ.

ಮಧುಮೇಹದಿಂದ ಅಕ್ಷಿಪಟಲ ಹಾಳಾದವರಿಗೆ, ಗ್ಲಾಕೋಮಾ ಇರುವವರಿಗೆ, ಕಾರ್ನಿಯಾ ಶಂಕುವಿನಂತೆ ಚೂಪಾಗಿರುವವರಿಗೆ ಬಹುಕೇಂದ್ರ ಮಸೂರ ಸಾಮಾನ್ಯವಾಗಿ ಸಲ್ಲದು. ಇವರ ಕಣ್ಣಿನಲ್ಲಿ ಮೊದಲೇ ಕುಂದಿರುವ ನೋಟದ ಗುಣಮಟ್ಟವನ್ನು ಬೆಳಕಿನ ಹಂಚಿಕೆ ಇನ್ನಷ್ಟು ಕುಗ್ಗಿಸುತ್ತದೆ. ಕಣ್ಣು ಒಣಗುವ ತೊಂದರೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ಪೈಲಟ್‌ಗಳಿಗೆ ಬೇರೆ ನಿಯಮ

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತ ಬಂದಿದೆ. ನಾಗರಿಕ ವಿಮಾನಗಳ ಪೈಲಟ್‌ಗಳು 30ರಿಂದ 50 ಸೆಂ.ಮೀ. ನಡುವಿನ ದೂರದಲ್ಲಿ ಎನ್5 ಗಾತ್ರದ ಅಕ್ಷರವನ್ನೂ ಒಂದು ಮೀಟರ್ ದೂರದಲ್ಲಿ ಎನ್14 ಗಾತ್ರವನ್ನೂ ಓದಬೇಕೆಂದು ಅಂತರರಾಷ್ಟ್ರೀಯ ವಿಮಾನಯಾನ ನಿಯಮ ಹೇಳುತ್ತದೆ. ದಿನಪತ್ರಿಕೆಯ ಅಕ್ಷರ ಸುಮಾರು ಎನ್8 ಎಂಬುದನ್ನು ನೆನೆದರೆ ಇದರ ಕಟ್ಟುನಿಟ್ಟು ತಿಳಿಯುತ್ತದೆ. ಇದಕ್ಕೆ ಕನ್ನಡಕ ಧರಿಸಲು ಅಡ್ಡಿಯಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಮಾತ್ರ ಏಕಕೇಂದ್ರದ್ದೂ ಬಣ್ಣವಿಲ್ಲದ್ದೂ ಆಗಿರಬೇಕು. ಆಳದ ಅಂದಾಜು ಮತ್ತು ಇರುಳಿನ ಸ್ಪಷ್ಟತೆ ಜೀವ ಉಳಿಸುವ ಕಡೆ, ಹತ್ತಿರದ ನೋಟಕ್ಕಾಗಿ ಅವನ್ನು ಒತ್ತೆಯಿಡಲು ನಿಯಮಕಾರರು ಒಪ್ಪಿಲ್ಲ.

ವಿಮೆ, ಹನಿ ಮತ್ತು ಅಗ್ಗದ ಕನ್ನಡಕ

ಆರೋಗ್ಯ ವಿಮೆ ಇದೆಯೆಂದು ನೆಚ್ಚಿಕೊಂಡು ಹೊರಡುವವರು ಪಾಲಿಸಿಯ ಸಣ್ಣಕ್ಷರಗಳನ್ನು, ಕನ್ನಡಕ ಹಾಕಿಯಾದರೂ, ಮೊದಲು ಓದುವುದು ಲೇಸು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ 7.5 ಡಯಾಪ್ಟರ್‌ಗಿಂತ ಕಡಿಮೆ ಇರುವ ದೃಷ್ಟಿದೋಷ ತಿದ್ದುವ ಚಿಕಿತ್ಸೆ ಸೇರಿದೆ. ಚಾಳೀಸಿನ ಪವರ್ ಎರಡೂವರೆ ಮೂರರ ಆಚೆ ಹೋಗುವುದು ಅಪರೂಪ. ಪೊರೆ ಇದ್ದರೆ ವಿಮೆ ಅನ್ವಯಿಸೀತು; ಆಗಲೂ ಅನೇಕ ಪಾಲಿಸಿಗಳಲ್ಲಿ ಪೊರೆ ಚಿಕಿತ್ಸೆಗೆ ಮಿತಿಯಿದ್ದು, ಬಹುಕೇಂದ್ರ ಮಸೂರದ ಹೆಚ್ಚುವರಿ ವೆಚ್ಚವನ್ನು ರೋಗಿಯೇ ಭರಿಸಬೇಕಾಗುತ್ತದೆ.

ಪಾಪೆಯನ್ನು ಕಿರಿದುಗೊಳಿಸಿ ಕೆಲವು ಗಂಟೆ ಹತ್ತಿರದ ನೋಟ ಕೊಡುವ ಪೈಲೋಕಾರ್ಪಿನ್ ಹನಿಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ 2024ರಲ್ಲಿ ಪ್ರೆಸ್‌ವು ಎಂಬ ಹೆಸರಿನ ಇಂಥದೇ ಹನಿ ‘ಓದುವ ಕನ್ನಡಕ ಬೇಕಿಲ್ಲ’ ಎಂಬ ಸುದ್ದಿಯೊಂದಿಗೆ ಸಂಚಲನ ಮೂಡಿಸಿತು. ಅನುಮತಿಯಲ್ಲಿಲ್ಲದ ಗುಣಗಳನ್ನು ಪ್ರಚಾರ ಮಾಡಲಾಯಿತೆಂಬ ಕಾರಣಕ್ಕೆ ಅದೇ ಸೆಪ್ಟೆಂಬರಿನಲ್ಲಿ ಔಷಧ ನಿಯಂತ್ರಕರು ಅನುಮತಿಯನ್ನು ಅಮಾನತಿನಲ್ಲಿಟ್ಟರು.

ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹತ್ತಿರದ ನೋಟಕ್ಕೆ ಸಾಮಾನ್ಯ ಕನ್ನಡಕ ಪಡೆದವರ ಎಲೆ ಕೀಳುವ ಪ್ರಮಾಣ, ಪಡೆಯದವರಿಗಿಂತ ಶೇ. 21.7ರಷ್ಟು ಹೆಚ್ಚಿತು. ಚಾಳೀಸಿಗೆಂದು ಮಾಡಿದ ಯಾವ ಶಸ್ತ್ರಚಿಕಿತ್ಸೆಯೂ ದುಡಿಯುವವರ ಕೈಯಲ್ಲಿ ಇಂಥ ಫಲ ತೋರಿಸಿದ ದಾಖಲೆ ಹುಡುಕಿದರೂ ಸಿಗುವುದು ಕಷ್ಟ. ಯಲಹಂಕದ ನೇಕಾರನಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ತಲುಪಬೇಕಾದುದು ಇದೇ ಅಗ್ಗದ ಕನ್ನಡಕ.

ನಿರ್ಧಾರಕ್ಕೆ ಮುನ್ನ

ಮಾನೋವಿಷನ್ ಬಯಸುವವರು ಕಾಂಟ್ಯಾಕ್ಟ್ ಲೆನ್ಸ್ ಧರಿಸಿ ಒಂದೆರಡು ವಾರ ಅದೇ ನೋಟದಲ್ಲಿ ಬದುಕಿ ನೋಡಬಹುದು. ಮೆಟ್ಟಿಲು ಇಳಿದು, ರಾತ್ರಿ ವಾಹನ ಓಡಿಸಿ, ದಿನದ ಕೆಲಸ ಮಾಡಿ ನೋಡಬೇಕು. ಒಗ್ಗದಿದ್ದರೆ ಲೆನ್ಸ್ ತೆಗೆದಿಟ್ಟರಾಯಿತು. ಲೇಸರ್ ಮಾಡಿದ ಕಾರ್ನಿಯಾವನ್ನು ಹಾಗೆ ತೆಗೆದಿಡಲಾಗದು. ಬಹುಕೇಂದ್ರ ಮಸೂರಕ್ಕೆ ಇಂಥ ನಂಬಲರ್ಹ ತಾಲೀಮು ಇಲ್ಲ. ಆದುದರಿಂದ ವೈದ್ಯರೊಡನೆ ಮಾತನಾಡುವಾಗ ‘ಕನ್ನಡಕ ಬೇಡ’ ಎಂದಷ್ಟೇ ಹೇಳದೆ, ಇರುಳು ಎಷ್ಟು ಹೊತ್ತು ವಾಹನ ಓಡಿಸುತ್ತೀರಿ, ಕೆಲಸದ ವಸ್ತು ಕಣ್ಣಿನಿಂದ ಎಷ್ಟು ದೂರದಲ್ಲಿರುತ್ತದೆ ಎಂಬುದನ್ನು ಅಳೆದುಕೊಂಡು ಹೋಗಿ ತಿಳಿಸುವುದು ಉತ್ತಮ.

ಹಿಂದೆ ಲೇಸಿಕ್ ಮಾಡಿಸಿಕೊಂಡವರು ಅದಕ್ಕೂ ಮುಂಚಿನ ಕಣ್ಣಿನ ಅಳತೆಗಳ ಚೀಟಿಯನ್ನು ಹುಡುಕಿ ಒಯ್ಯಬೇಕು. ಆಕಾರ ಬದಲಾದ ಕಾರ್ನಿಯಾದಲ್ಲಿ ಕೃತಕ ಮಸೂರದ ಪವರ್ ಲೆಕ್ಕ ಹಾಕುವುದು ತೊಡಕಿನ ಕೆಲಸ. ಹಳೆಯ ಅಳತೆ ಇದ್ದರೆ ತಪ್ಪುವ ಸಂಭವ ತಗ್ಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆ ಕೊಡುವ, ಮಸೂರದ ಹೆಸರು, ಪವರ್ ಮತ್ತು ಸಂಖ್ಯೆ ನಮೂದಿಸಿದ ಕಾರ್ಡನ್ನು ಮನೆಯ ಇತರ ಮುಖ್ಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳುವುದು ಒಳಿತು. ಮುಂದೆಂದಾದರೂ ಆ ಕಣ್ಣನ್ನು ಬೇರೊಬ್ಬ ವೈದ್ಯರು ನೋಡಬೇಕಾಗಿ ಬಂದಾಗ ಅವರು ಮೊದಲು ಕೇಳುವುದು ಅದನ್ನೇ.